ಟ್ರಯಲ್

ದಬ್ಬಿಕೊಂತ ಬಂದ್ಲು ಗಾಡಿ,
ಮುದಗಲ್ ಕಡೆಯಿಂದ, ಹನ್ನೊಂದರ ಬಿಸಲಾಗ.
ಎಕ್ಸೆಲ್ ಸೂಪರು. ನಮ್ಮಲ್ಲಿ ಅದು
ಹಾಲಿನ ಕ್ಯಾನು ಹೊರತೈತಿ, ಹೊಟ್ಟಿನ ಚೀಲ ಹೊರತೈತಿ,
ಒಮ್ಮೊಮ್ಮೆ ಕಾಲು ಕಟ್ಟಿದ ಆಡು.
ಆಕಿ ಅದರ ಮ್ಯಾಲೆ ದೇಶ ನೋಡಾಕ ಹೊಂಟಾಳ.

ಯಮನೂರಪ್ಪ ಪಾನಾ ಕೈಯಾಗ ಹಿಡಕೊಂಡು
ಬಾಯಿ ತಕ್ಕೊಂಡು ನಿಂತ.
"ಮೌಲಣ್ಣಾ, ಅಜ್ಜಿ!"
ಅಜ್ಜಿನ ಖರೆ. ಕೂದ್ಲ ಗಂಡು ಹುಡುಗರಂಗ ಕತ್ತರಿಸ್ಯಾಳ,
ಮೂಗಿನ ತೊಗಲು ಉಳ್ಳಾಗಡ್ಡಿ ಸಿಪ್ಪಿಯಂಗ ಎದ್ದೈತಿ.

ಯಾವ ಊರ್ರಿ ಅಂದೆ.
ಏನೋ ಹೆಸರು ಹೇಳಿದ್ಲು. ಕಿವಿಗೆ ಸಿಗಲಿಲ್ಲ.
ಫೋನಿನಾಗ ನಕಾಶೆ ತಗದು ತೋರಿಸಿದ್ಲು:
ಸಮುದ್ರದ ದಂಡಿಗೆ,
ಬಟ್ಟು ಇಟ್ರ ಮುಚ್ಚಿ ಹೋಗೋ ಅಷ್ಟು ದೇಶ.
ಒಬ್ಬಾಕಿನ ಏನು? ಒಂದು ಬಟ್ಟು ಎತ್ತಿ ಕೇಳಿದೆ.
ಆಕಿ ಎರಡು ಎತ್ತಿ
ಗಾಡಿ ಸೀಟು ತಟ್ಟಿದ್ಲು.

ಎಕ್ಸಲೇಟರ್ ವೈರು ಹರಿದಿತ್ತು.
ಆ ಮಾಡಲ್ಲು ನಿಂತು ಎಷ್ಟೋ ವರ್ಷಾತು,
ಕುಷ್ಟಗಿಗೆ ಹೋದ್ರೂ ವೈರು ಸಿಗೂದಿಲ್ಲ.
ಸೈಕಲ್ಲಿನ ಬ್ರೇಕ್ ವೈರು ಹುಡುಕಿ ತಗದೆ,
ತುದಿಗೆ ಸೀಸ ಕಾಸಿ ಗುಂಡು ಕಟ್ಟಿದೆ.
ನಮ್ಮಪ್ಪ ಕಲಿಸಿದ್ದು, ಯಾವ ಕಂಪನಿ ಬುಕ್ಕಿನಾಗೂ ಇಲ್ಲ.
ಆಕಿ ಕುಕ್ಕರಗಾಲಿಲೆ ಕುಂತು ನೋಡಿದ್ಲು.
ಒಂದು ಸಲಾನೂ ಫೋಟೋ ಹೊಡೀಲಿಲ್ಲ.

ಟ್ರಯಲ್ ನೋಡ್ತೀನಿ ಅಂದೆ.
ಇಪ್ಪತ್ತೆರಡು ವರ್ಷಾತು, ನನ್ನ ಟ್ರಯಲ್ ಅಂದ್ರ
ಕುಷ್ಟಗಿ ರೋಡಿಗೆ, ಜಾಲಿಗಿಡದ ತನಕ.
ಅಲ್ಲೇ ತಿರುಗ್ತೀನಿ. ಎಣ್ಣಿ ಮಂದೀದು.
ಬುಲೆಟ್ ಬರ್ಲಿ, ಲೂನಾ ಬರ್ಲಿ, ಜಾಲಿಗಿಡ.

ಬಿಸಲಿಗಂತ ಆಕಿ ಹೆಲ್ಮೆಟ್ ಹಾಕ್ಕೊಂಡೆ,
ಕರೀ ಗಾಜು, ಒಳಗ ನಂದಲ್ಲದ ಬೆವರು.
ಹಿಂದ ಕಟ್ಟಿದ ಗಂಟು ಬಿಚ್ಚಿರಲಿಲ್ಲ:
ಪಾತ್ರಿ, ಗುಡಾರ, ಒಣಗಾಕ ಸಿಗಿಸಿದ ಕಾಲ್ಚೀಲ.
ತಗ್ಗಿಗೊಮ್ಮೆ ಒಂದು ಮನೀನ ಬಂದು
ಬೆನ್ನಿಗೆ ಬಡೀತಿತ್ತು.

ಜಾಲಿಗಿಡ ಬಂತು.
ಕೈ ತಿರುಗಲಿಲ್ಲ.
ವೈರು ಛಲೋ ಎಳೀತಿತ್ತು, ತಪ್ಪು ವೈರಿಂದಲ್ಲ.

ಹಳ್ಳದ ಸೇತುವಿ, ದಾಳಿಂಬ್ರ ತ್ವಾಟದ ಬಿಳೀ ಬಲಿ,
ಕೆಂಪು ಕಲ್ಲಿನ ಕ್ವಾರಿ.
ಬಸ್ಸಿನ ಕಿಟಿಕ್ಯಾಗ ನೂರು ಸಲ ನೋಡೀನಿ,
ಹಿಂದಕ್ಕ ಹೋಗ್ತಿದ್ವು.
ಅವತ್ತು ಎದುರಿಗೆ ಬಂದ್ವು.

ಜ್ವಾಳದ ಹೊಲದ ಬದುವಿನಾಗ ಸೀತನಿ ಸುಡತಿದ್ರು.
ಹುಡುಗ್ರು ಓಡಿ ಬಂದ್ರು: ಹಾಯ್! ಹಾಯ್! ವಾಟ್ ನೇಮ್!
ಒಬ್ಬ ಮುದುಕಿ ತೆನಿ ತಿಕ್ಕೋದು ಬಿಟ್ಟು
ಬೊಗಸಿ ತುಂಬ ತಂದು
ಕಿವುಡಗ ಹೇಳಿದಂಗ ಒದರಿ ಹೇಳಿದ್ಲು:
"ಸೀ-ತ-ನಿ! ತಿ-ನ್ನು! ಛ-ಲೋ ಐತಿ!"
ನಾ ತಾವರಗೇರಿ ಮೌಲಾಹುಸೇನ,
ನಿನ್ನ ಮಗ ದುರಗಪ್ಪನ ಗಾಡಿ ಹೋದ ವಾರ ನಾನ ಮಾಡೀನಿ
ಅಂತ ಹೇಳಾಕ ಬಾಯಿ ಬರಲಿಲ್ಲ.
ಗಾಜು ಬಾಯಿ ತನಕ ಎತ್ತಿ ತಿಂದೆ.
ಬಿಸಿ, ಹಾಲು, ಹೊಗಿ, ಶೇಂಗಾ ಖಾರ.
ಮೊದಲನೇ ಸಲ ತಿಂದಾವರಂಗ
ತಲಿ ಅಲ್ಲಾಡಿಸಿದೆ.
ಮುದುಕಿ ಹಿಗ್ಗಿ ಹೀರೀಕಾಯಿ ಆದ್ಲು.

ತಿರುಗಿ ಬರೂದ್ರಾಗ ತಾಸು ಆಗಿತ್ತು.
ಗಾಡಿ ಹೊಡಕೊಂಡು ಹೋದ ಅಂದಿರ್ತಾಳ ಅಂತ ಅಂಜಿದ್ದೆ.
ಆಕಿ ನನ್ನ ಅಂಗಡಿ ಮುಂದ ನಿಂತು
ಸಾಲಿ ಹುಡುಗಿ ಸೈಕಲ್ಲಿಗೆ ಗಾಳಿ ಹೊಡೀತಿದ್ಲು.
"ಎರಡು ರೂಪಾಯಿ ಇಸ್ಕೊಂಡಾಳಣ್ಣ," ಅಂದ ಯಮನೂರಪ್ಪ.
ನನ್ನ ಮೀಸಿಗೆ ಹತ್ತಿದ ಹೊಟ್ಟು ನೋಡಿದ್ಲು,
ಏನೂ ಕೇಳಲಿಲ್ಲ.
ಕಿಸೆದಾಗ ಉಳಿದಿದ್ದ ಹಿಡಿ ಸೀತನಿ ಕೊಟ್ಟೆ.
ಎಪ್ಪತ್ತು ಹೇಳಿ ಅರವತ್ತು ತಗೊಂಡೆ,
ಹತ್ತು ಎಣ್ಣೀದು.

ಕನಕಗಿರಿ ಕಡೆ ಹೋದ್ಲು.
ಹೊಗಿ ಸ್ವಲ್ಪ ಹೊತ್ತು ನಿಂತಿತ್ತು.
ಆ ವೈರು ಎಲ್ಲೀತನ ತಡದೈತೋ ಗೊತ್ತಿಲ್ಲ.

ಈಗ ಗಿರಾಕಿ ಜಗಳ ತಗೀತಾರ:
ಮೌಲಣ್ಣ, ಟಾಕಿ ತುಂಬಿಸಿ ಬಿಟ್ಟಿದ್ದೆ,
ಎಣ್ಣಿ ಯಾಕ ಕಮ್ಮಿ ಆಗೇತಿ?
ಟ್ರಯಲ್ಲು ಅಂತೀನಿ.